ರೇವಪ್ಪ ಹೂಂ ಅಂದದ್ದು

ಮಸೂತಿಯ ರೇವಪ್ಪ ಹುಟ್ಟಿದಾಗ ಅಳಲಿಲ್ಲವಂತೆ. ಸೂಲಗಿತ್ತಿ ಬೆನ್ನಿಗೆ ಎರಡು ಏಟು ಹಾಕಿದರೆ ಕೂಸು ಕಣ್ಣು ತೆರೆದು, ಸುತ್ತ ಯಾರ್ಯಾರು ಕೂತಿದ್ದಾರೆ ಎಂದು ಒಮ್ಮೆ ನೋಡಿ, ಕೇಳುವವರು ಸಾಕಷ್ಟಿದ್ದಾರೆ ಎಂಬುದು ಖಾತ್ರಿಯಾದ ಮೇಲೆಯೇ ಬಾಯಿ ಬಿಟ್ಟಿತಂತೆ. ಇದನ್ನು ಹೇಳಿದವನು ರೇವಪ್ಪನೇ ಆದ್ದರಿಂದ ಸಾಕ್ಷಿ ಕೇಳುವ ಹಾಗಿಲ್ಲ. ಅವತ್ತು ಬಿಟ್ಟ ಬಾಯಿ ಅರವತ್ತು ದಾಟಿದರೂ ಮುಚ್ಚಿಲ್ಲ ಎಂಬುದಕ್ಕೆ ಮಾತ್ರ ಇಡೀ ಊರೇ ಸಾಕ್ಷಿ.

ಜೋಳ, ಕಡಲೆ ಬೆಳೆಯುವ ಎರೆ ಹೊಲ ಅವನಿಗಿತ್ತು. ಆದರೆ ಅವನು ಖರೆ ಬೆಳೆ ತೆಗೆಯುತ್ತಿದ್ದದ್ದು ಬಸ್ಸು ನಿಲ್ಲುವಲ್ಲಿಯ ಬೇವಿನ ಮರದ ಕಟ್ಟೆಯ ಮೇಲೆ. ಸಂಜೆ ಮುಖಕ್ಕೆ ನೀರು ಹಾಕಿಕೊಂಡು, ತಲೆಗೆ ಪಟಕ ಸುತ್ತಿಕೊಂಡು ಅವನು ಬಂದು ಕೂತನೆಂದರೆ ಬಾಗೇವಾಡಿಗೆ ಹೊರಟವರು ಬಸ್ಸು ಬಿಡುತ್ತಿದ್ದರು. ಕಂಡಕ್ಟರು ಇಳಿದು ಬಂದು ಕೂರುತ್ತಿದ್ದ. ಬಸ್ಸೂ ಇಂಜಿನ್ ಬಂದ್ ಮಾಡಿ ಕಿವಿಗೊಡುತ್ತಿತ್ತು ಎನ್ನುವವರಿದ್ದಾರೆ. ತಂಗಡಗಿಯಲ್ಲಿ ಕೃಷ್ಣೆ ತುಂಬಿ ಬಂದ ವರ್ಷ ರೇವಪ್ಪ ಕೊರೆದ ಕುಂಬಳಕಾಯಿಯೊಳಗೆ ಕೂತು ಈ ದಂಡೆಯಿಂದ ಆ ದಂಡೆಗೆ ಹೋಗಿದ್ದ. ಹೋಗುವಾಗ ಒಬ್ಬನೇ, ಬರುವಾಗ ಅದೇ ಕಾಯಿಯೊಳಗೆ ಒಂದು ಹೈನದ ಎಮ್ಮೆ, ಅದರ ಕರು, ಮತ್ತು ಅವು ಮೇಯಲು ಬೇಕಾಗುವಷ್ಟು ಕಣಿಕೆ.

ಈ ಸೀಮೆಯಲ್ಲಿ ಕಥೆ ಎಂದರೆ ಇಬ್ಬರ ಕೆಲಸ. ಹೇಳುವವನೊಬ್ಬ, ಹೂಂ ಅನ್ನುವವನೊಬ್ಬ. ಎಷ್ಟೇ ಮಂದಿ ಕೂತಿರಲಿ, ಅವರಲ್ಲೊಬ್ಬ ಪ್ರತಿ ಮಾತಿನ ತುದಿಗೆ ‘ಹೂಂ’ ಎನ್ನಬೇಕು. ಆ ಹೂಂ ಬಂದ ಮೇಲೆಯೇ ಕಥೆ ಮುಂದಿನ ಹೆಜ್ಜೆ ಇಡುವುದು. ಬಾರದಿದ್ದರೆ ಹೇಳುವವನು ನಿಂತುಬಿಡುತ್ತಾನೆ. ಅಷ್ಟರಲ್ಲಿ ಕಥೆಯ ರಾಜ ಕುದುರೆಯ ಮೇಲೆ ಕೂತಲ್ಲೇ ಮುದುಕನಾಗಿರುತ್ತಾನೆ.

ರೇವಪ್ಪನಿಗೆ ಹೂಂ ಅನ್ನುತ್ತಿದ್ದವನು ಮಾಳಿಂಗರಾಯ. ಕುರಿ ಕಾಯುವವನು, ರೇವಪ್ಪನ ವಾರಗೆಯವನು, ಒಂದೇ ಸಾಲಿಯಲ್ಲಿ ಒಂದೇ ದಿನ ಹೊಡೆತ ತಿಂದು ಒಂದೇ ದಿನ ಬಿಟ್ಟವನು. ಕುರಿ ಹೊಡೆದುಕೊಂಡು ಮುದ್ದೇಬಿಹಾಳ, ಸಿಂದಗಿ, ಇಂಡಿ ಎಂದು ತಿರುಗುತ್ತಿದ್ದ; ಊರಲ್ಲಿದ್ದಾಗ ಕಟ್ಟೆಯ ಕೆಳಗೆ ಕಂಬಳಿ ಹಾಸಿಕೊಂಡು ಕೂರುತ್ತಿದ್ದ. ಅವನ ಹೂಂನಲ್ಲಿ ನಾನಾ ನಮೂನೆ ಇದ್ದವು. ‘ಮುಂದ?’ ಎನ್ನುವ ಹೂಂ ಬೇರೆ, ‘ಅರೇ!’ ಎನ್ನುವ ಹೂಂ ಬೇರೆ. ಕುಂಬಳಕಾಯಿಯೊಳಗೆ ಎಮ್ಮೆ ಹತ್ತಿದಾಗ ಅವನು ಹಾಕುತ್ತಿದ್ದ ಹೂಂ ಉಂಟಲ್ಲ, ‘ನಾ ನಂಬೂದಿಲ್ಲ, ಆದರ ನೀ ನಿಲ್ಲಬ್ಯಾಡ’ ಎನ್ನುವುದು, ಅದಂತೂ ಮೂಗಿನ ಯಾವುದೋ ಹಿತ್ತಿಲಿನಿಂದ ಬರುತ್ತಿತ್ತು.

ಇನ್ನು ರೇವಪ್ಪ? ಅವನು ಜನ್ಮದಲ್ಲಿ ಯಾರಿಗೂ ಹೂಂ ಅಂದವನಲ್ಲ. ಎದುರಿನವರು ಬಾಯಿ ತೆರೆದರೆ ಸಾಕು, ‘ಅದೇನ ದೊಡ್ಡದು, ನಂದ ಕೇಳಿಲ್ಲಿ’ ಎಂದು ಶುರು ಮಾಡುವವನು. ಹೆಂಡತಿ ರುಕ್ಮವ್ವ ಹಾವು ಕಂಡು ಕಿರುಚಿದಾಗಲೂ ಅವನು ಮೊದಲು ತಾನು ಕಂಡ ಹಾವಿನ ಉದ್ದ ಹೇಳಿಯೇ ಬಡಿಗೆ ಹುಡುಕಿದ್ದು.

ಇಂಥವನ ಎದೆಗೆ ಒಂದು ಭಾನುವಾರ ಕೊಳ್ಳಿ ಬಿತ್ತು. ಇಟ್ಟವಳು ಹೊರಗಿನವಳಲ್ಲ, ಸ್ವಂತ ಮಗಳು ಸುವರ್ಣಾ. ಸಿಂದಗಿಗೆ ಕೊಟ್ಟವಳು, ಅಲ್ಲಿ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಖಡಕ್ ರೊಟ್ಟಿ ಮಾಡಿ ಮಾರುವ ಕೇಂದ್ರ ನಡೆಸುತ್ತಿದ್ದಳು. ಭಾನುವಾರ ತವರಿಗೆ ಫೋನು.

“ಯಪ್ಪಾ, ನಮ್ಮ ಮಾಳಿಂಗ ಕಾಕಾನ ಪಾಡ್‌ಕಾಸ್ಟ್ ಕೇಳಿಯೇನ?”

“ಮಾಳಿಂಗನ ಏನ?”

“ಪಾಡ್‌ಕಾಸ್ಟ್ ಯಪ್ಪಾ. ಫೋನಿನ್ಯಾಗ ಮಾತಾಡಿ ಬಿಡೂದು. ಸುರೇಖಾ ವೈನಿ ರಿಕಾರ್ಡ್ ಮಾಡ್ಯಾಳ. ‘ಕಂಬಳಿಯೊಳಗಿನ ಮಾತು’ ಅಂತ ಹೆಸರ. ಕುರಿ ಹಿಡಿಯಾಕ ತ್ವಾಳ ಬಂದ ಕಥಿ ಕೇಳಕೋತ ಕುಂತಿದ್ವಿ, ಎಲ್ಲಾರೂ ರೊಟ್ಟಿ ಬಡಿಯೂದ ಬಿಟ್ಟೇವಿ. ಹಂಚಿನ ಮ್ಯಾಗಿನ ರೊಟ್ಟಿ ಹೊತ್ತಿ ಇದ್ದಲಿ ಆದ್ವು!”

ರೇವಪ್ಪ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿ ಮತ್ತೆ ಹಚ್ಚಿಕೊಂಡ. ಚಿಕ್ಕವಳಿದ್ದಾಗ ಈ ಹುಡುಗಿ ಅವನ ಕುಂಬಳಕಾಯಿಯ ಕಥೆ ಕೇಳಿ ನಿದ್ದೆ ಹೋಗುತ್ತಿದ್ದಳು. ರೊಟ್ಟಿಯಂತೂ ಒಂದೂ ಹೊತ್ತಿರಲಿಲ್ಲ.

“ಅವಗ ಮಾತ ಎಲ್ಲಿ ಬರ್ತಾವವಾ? ನಾ ಹೇಳೂವಾಗ ಹೂಂ ಅನ್ನಾಂವ ಅಂವ.”

“ಅದಕ್ಕ ಛಲೋ ಹೇಳ್ತಾನ ಯಪ್ಪಾ” ಎಂದಳು ಸುವರ್ಣಾ. ಅಷ್ಟು ಹೇಳಿ ಅವಳು ಬೇರೆ ಮಾತಿಗೆ ಹೋದಳು. ರೇವಪ್ಪ ಹೋಗಲಿಲ್ಲ. ಅಲ್ಲೇ ನಿಂತುಬಿಟ್ಟ.

ಆಗಿದ್ದದ್ದು ಇಷ್ಟು. ಮಾಳಿಂಗರಾಯನ ಸೊಸೆ ಸುರೇಖಾ ಊರಿನ ಅಂಗನವಾಡಿ ಟೀಚರು. ಮಕ್ಕಳಿಗೆಂದು ಮಾವನ ಕುರಿಯ ಮಾತುಗಳನ್ನು ತನ್ನ ಫೋನಿನಲ್ಲಿ ಹಿಡಿಯಲು ಹೋದಳು. ಎರೆ ಬಯಲಿನ ಗಾಳಿ ‘ಬುರ್’ ಎಂದು ನುಗ್ಗಿ ಮಾವನ ದನಿಯನ್ನು ನುಂಗಿತು. ಮಾಳಿಂಗರಾಯ ಮಳೆಯಲ್ಲಿ ಮಾಡುವ ಹಾಗೆ ಕಂಬಳಿಯನ್ನು ಕೊಪ್ಪೆ ಹಾಕಿಕೊಂಡು ತಲೆ ಮುಚ್ಚಿ, ಫೋನನ್ನು ಒಳಗೆ ಎಳೆದುಕೊಂಡು ಮಾತಾಡಿದ. ಉಣ್ಣೆ ಗಾಳಿಯನ್ನು ಹೊರಗಿಟ್ಟು ದನಿಯನ್ನು ಒಳಗಿಟ್ಟುಕೊಂಡಿತು. ಆ ದನಿ ಎಷ್ಟು ಹತ್ತಿರ ಕೇಳುತ್ತಿತ್ತೆಂದರೆ ಕೇಳುವವರ ಮೂಗಿಗೆ ಕುರಿಯ ವಾಸನೆ ಹೊಡೆಯುತ್ತಿತ್ತು. ಸುರೇಖಾ ಅದನ್ನು ನೆಟ್ಟಿಗೆ ಹಾಕಿದಳು. ಅವಳ ಗಂಡ ಕಾಂತು ಬಾಗೇವಾಡಿಯಿಂದ ಮುದ್ದೇಬಿಹಾಳಕ್ಕೆ ಕ್ರೂಸರ್ ಹೊಡೆಯುತ್ತಿದ್ದ. ಸಿನಿಮಾ ಹಾಡು ತೆಗೆದು ಅಪ್ಪನ ಕಥೆ ಹಚ್ಚಿದ. ಗಾಡಿಯೊಳಗೆ ಒಬ್ಬರ ತೊಡೆಯ ಮೇಲೊಬ್ಬರು ಕೂತಿದ್ದವರು ಇಳಿಯುವ ಊರು ಬಂದರೂ ಇಳಿಯದೆ ಮುದ್ದೇಬಿಹಾಳದವರೆಗೂ ಹೋಗಿ, ಉಳಿದ ಕಥೆ ಕೇಳುತ್ತ ತಿರುಗಿ ಬರತೊಡಗಿದರು.

ಆಮೇಲೆ ರೇವಪ್ಪ ಎಲ್ಲಿಗೆ ಹೋದರೂ ಮಾಳಿಂಗರಾಯ ಅವನಿಗಿಂತ ಮೊದಲೇ ಹೋಗಿ ಕೂತಿರುತ್ತಿದ್ದ. ಬಾಗೇವಾಡಿಯಲ್ಲಿ ಕ್ಷೌರಕ್ಕೆ ಕೂತರೆ ಕತ್ತರಿಯ ಸಪ್ಪಳದ ನಡುವೆ ಮಾಳಿಂಗರಾಯನ ದನಿ. ಚಹಾದಂಗಡಿಗೆ ಹೋದರೆ ಅಲ್ಲೂ. ಇಂಡಿಯಿಂದ ನಿಂಬೆಹಣ್ಣು ತಂದ ವ್ಯಾಪಾರಿಯೊಬ್ಬ, “ನೀವು ಮಸೂತಿಯವರೇನ್ರಿ? ಆ ಕಂಬಳಿ ಅಜ್ಜಾನ ಊರಿನವರು!” ಎಂದು ಕೈ ಮುಗಿದು ಎರಡು ಹಣ್ಣು ಹೆಚ್ಚಿಗೆ ಹಾಕಿದ. ಮನೆಗೆ ಬಂದು ಆ ನಿಂಬೆಯ ಪಾನಕ ಕುಡಿದರೆ ಸಕ್ಕರೆಯ ಡಬ್ಬಿ ಇಡೀ ಸುರಿದರೂ ಹುಳಿ ಹೋಗಲಿಲ್ಲ. ಹೊಟ್ಟೆಯೊಳಗಿನ ಬೆಂಕಿಗೆ ಅವನ ಅಂಗಿಯ ಗುಂಡಿ ಕಾದು ರುಕ್ಮವ್ವನ ಬೆರಳು ಚುರ್ ಎಂದಿತಂತೆ.

ಕಟ್ಟೆಯ ಮೇಲಿನ ಮಂದಿ ಕಡಿಮೆಯಾಗಿರಲಿಲ್ಲ. ಆದರೆ ಕಿವಿಯಲ್ಲಿ ಏನೋ ಸಿಕ್ಕಿಸಿಕೊಂಡು ಕೂರುತ್ತಿದ್ದರು. ಅವರು ನಕ್ಕಾಗ ರೇವಪ್ಪ ಇನ್ನೂ ನಗುವ ಜಾಗಕ್ಕೆ ಬಂದೇ ಇರುತ್ತಿರಲಿಲ್ಲ.

“ನಾನೂ ಮಾಡ್ತೇನಿ” ಎಂದ ಹೆಂಡತಿಗೆ. “ಆ ಕುರಿ ಕಾಯಾಂವಗ ಬರತೈತಿ ಅಂದ್ರ ನನಗ ಬರೂದಿಲ್ಲೇನ? ಸುವರ್ಣಾ ಕೇಳಬೇಕು, ಕೇಳಿ ಕೇಂದ್ರದಾಗಿನ ರೊಟ್ಟಿ ಎಲ್ಲಾ ಸುಟ್ಟು ಬೂದಿ ಆಗಬೇಕು.”

“ಮಗಳ ದಂಧೆಕ ಬೆಂಕಿ ಹಚ್ಚಾಕ ನಿಂತೀರಿ” ಎಂದಳು ರುಕ್ಮವ್ವ.

ಬಾಗೇವಾಡಿಯ ಬಸ್‌ಸ್ಟ್ಯಾಂಡಿನ ಎದುರು ಜಾಹಿದನ ಮೊಬೈಲ್ ಅಂಗಡಿ. ರೇವಪ್ಪ ಅಲ್ಲಿಗೆ ಹೋಗಿ, ತನ್ನ ಹಳೆಯ ಗುಂಡಿ ಫೋನನ್ನು ಬಿಟ್ಟು, ಅಂಗೈಯಗಲದ ಸ್ಮಾರ್ಟ್‌ಫೋನು ತಗೊಂಡ.

“ಕಾಕಾ, ಈ ಕೆಂಪ ಗುಂಡಿ ಒತ್ರಿ, ಮಾತಾಡ್ರಿ. ಮುಗಿದ ಮ್ಯಾಲ ಹೊಳ್ಳಿ ಒತ್ರಿ. ಅಷ್ಟ” ಎಂದ ಜಾಹಿದ.

“ಇದು ಹೂಂ ಅಂತೈತೇನ?”

“ಹಾಂ?”

“ನಾ ಕಥಿ ಹೇಳೂವಾಗ ಇದು ಹೂಂ ಅಂತೈತೋ ಇಲ್ಲೊ?”

ಜಾಹಿದ ಫೋನನ್ನು ತಿರುಗಿಸಿ ನೋಡಿದ. “ಇಲ್ರಿ ಕಾಕಾ. ಬರೇ ಕೆಂಪ ಚುಕ್ಕಿ ಮಿಣಕ್ ಮಿಣಕ್ ಅಂತೈತಿ.”

ಮನೆಯ ಒಳಕೋಣೆಯಲ್ಲಿ ರುಕ್ಮವ್ವನ ಕೌದಿಗಳನ್ನೆಲ್ಲ ಗೋಡೆಗೆ ತೂಗುಹಾಕಿ, ಬಾಗಿಲು ಹಾಕಿಕೊಂಡು ರೇವಪ್ಪ ಗುಂಡಿ ಒತ್ತಿದ. ಕೆಮ್ಮಿದ. “ತಂಗಡಗಿ ಹೊಳಿ ತುಂಬಿ ಬಂದಿತ್ರಿ” ಎಂದ. ನಿಲ್ಲಿಸಿದ. ಹೂಂ ಬರಲಿಲ್ಲ. ಕೆಂಪು ಚುಕ್ಕಿ ಮಿಣುಕಿತು. “ತಂಗಡಗಿ ಹೊಳಿ ತುಂಬಿ ಬಂದಿತ್ತು ಅಂದ್ನಿ” ಎಂದ ಇನ್ನೊಮ್ಮೆ, ಸ್ವಲ್ಪ ಜೋರಾಗಿ. ಚುಕ್ಕಿ ಮಿಣುಕಿತು. ಊರಿನ ನಾಯಿಗೂ ಕಥೆ ಹೇಳಿ ಅದು ಬಾಲ ಅಲ್ಲಾಡಿಸುವ ಹಾಗೆ ಮಾಡಿದ್ದ ಮನುಷ್ಯ ಅವನು. ಈ ಗಾಜಿನ ತುಂಡಿನ ಎದುರು ಅವನ ನಾಲಗೆ ಎರೆ ಮಣ್ಣಿನ ಕೆಸರಲ್ಲಿ ಸಿಕ್ಕ ಚಕ್ಕಡಿಯ ಹಾಗೆ ಹೂತುಹೋಯಿತು. ಆಮೇಲೆ ಹಚ್ಚಿ ಕೇಳಿದರೆ ರಿಕಾರ್ಡಾಗಿದ್ದದ್ದು ಇಷ್ಟೇ: ಕೆಮ್ಮು, ಹೊಳೆ, ಮತ್ತೆ ಹೊಳೆ, “ಕೇಳಾಕತ್ತೀರಿಲ್ಲೊ?”, ಬೈಗುಳ ಒಂದು, ಕೊನೆಗೆ ನಿಟ್ಟುಸಿರು.

ಹೆಂಡತಿಯನ್ನು ಕರೆದು ಕೂರಿಸಿದ. ರುಕ್ಮವ್ವ ಮೊರದ ತುಂಬ ಜೋಳ ಹಾಕಿಕೊಂಡು ಹಸನು ಮಾಡುತ್ತ ಹೂಂ ಅನ್ನಲು ಒಪ್ಪಿದಳು. ಆದರೆ ಆಕೆ ಈ ಕಥೆಗಳನ್ನು ಲಗ್ನದ ಅಕ್ಷತೆ ಬಿದ್ದ ದಿನದಿಂದ ಕೇಳುತ್ತ ಬಂದವಳು.

“ಹೊಳಿ ದಂಡಿಮ್ಯಾಲ ನಿಂತಿದ್ನಿ. ನೋಡ್ತೇನಿ, ಒಂದ ದೊಡ್ಡ—”

“ಹೂಂ. ಕುಂಬಳಕಾಯಿ. ಎಮ್ಮಿ ಬಂತು. ಕಣಿಕಿನೂ ಬಂತು” ಎಂದು ರುಕ್ಮವ್ವ ಮೊರವನ್ನು ಕೊಡವಿದಳು. “ಆತಿಲ್ಲೊ? ನನಗ ಒಲಿಮ್ಯಾಲ ಬ್ಯಾಳಿ ಐತಿ.”

ಹೀಗೆ ನಾಲ್ಕು ತಾಲೂಕೂ ಸಾಲದಿದ್ದ ಬಾಯಿ ಒಂದು ಕೋಣೆಗೂ ಸಾಲದಾಯಿತು. ಹಟ ಬಿಟ್ಟು, ಹೊಟ್ಟೆಕಿಚ್ಚು ಬಿಡದೆ, ಅವನು ಮಾಳಿಂಗರಾಯನ ಕುರಿ ಹಟ್ಟಿಗೆ ಹೋದ. ಹಗಲು ಹನ್ನೆರಡರ ಬಿಸಿಲಿಗೆ ಕುರಿಗಳು ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ಇಟ್ಟು ನಿಂತಿದ್ದವು. ಮಾಳಿಂಗರಾಯ ಮರಿಯೊಂದರ ಕಾಲಿನ ಮುಳ್ಳು ತೆಗೆಯುತ್ತಿದ್ದ.

“ಲೇ ಮಾಳ್ಯಾ, ಖರೆ ಹೇಳು. ಆ ಫೋನಿನ್ಯಾಗ ಹೆಂಗ ಮಾತಾಡ್ತಿ? ಅದು ಹೂಂ ಅನ್ನೂದಿಲ್ಲಲೇ!”

“ಕುರಿ ಯಾವಾಗರ ಹೂಂ ಅಂದಾವೇನೊ?” ಎಂದ ಮಾಳಿಂಗರಾಯ. “ಹುಟ್ಟಿದಾಗಿಂದ ಅವುಕ್ಕ ಮಾತಾಡಕೋತ ಬಂದೇನಿ. ಒಂದರ ಹೊಳ್ಳಿ ನೋಡಿಲ್ಲ. ಫೋನೇನ ಹೊಸಾದು?”

ಇಷ್ಟು ವರ್ಷ ಇವನು ಕಟ್ಟೆಯ ಕೆಳಗೆ ಬಾಯಿ ಮುಚ್ಚಿಕೊಂಡು ಕೂತದ್ದು ಮಾತು ಬಾರದೆ ಅಲ್ಲ, ಬೇರೆ ಕಡೆ ಹಗಲಿಡೀ ಆಡಿ ಮುಗಿಸಿ ಬರುತ್ತಿದ್ದ ಎಂಬುದು ರೇವಪ್ಪನಿಗೆ ಈಗ ತಿಳಿಯಿತು. ಮೋಸ ಹೋದವನ ಹಾಗೆ ಅನಿಸಿತು.

ಅಷ್ಟರಲ್ಲಿ ಅಂಗನವಾಡಿ ಮುಗಿಸಿದ ಸುರೇಖಾ ಫೋನು ಹಿಡಿದು ಬಂದಳು. “ರೇವಪ್ಪ ಕಾಕಾ, ಬರ್ರಿ ಬರ್ರಿ. ಛಲೋ ಹೊತ್ತಿಗೆ ಬಂದೀರಿ. ಇವತ್ತ ಹೊಸಾ ಕಥಿ ರಿಕಾರ್ಡ್ ಐತಿ. ಕುಂದರ್ರಿ. ಆದರ ಕೈ ಮುಗೀತೇನಿ, ಉಸರ ಸೈತ ಜೋರ ಬಿಡಬ್ಯಾಡ್ರಿ.”

ಆಗ ರೇವಪ್ಪನ ತಲೆಯೊಳಗೆ ಒಂದು ಕೆಟ್ಟ ಬುದ್ಧಿ ಕೋಡು ಚಾಚಿತು. ಹೂಂ ಎಂದರೆ ಕಥೆಗೆ ಜೀವ, ಸರಿ. ಆದರೆ ಬರಬಾರದ ಜಾಗದಲ್ಲಿ ಬಂದ ಹೂಂ? ಹೇಳುವವನು ಉಸಿರು ಹಿಡಿದು ನಿಲ್ಲಿಸಿದ ಕಡೆ, ಇನ್ನೊಂದು ಮಾತು ಬಿದ್ದರೆ ಮುಗಿಯಿತು ಎನ್ನುವ ಕಡೆ, ಒಬ್ಬ ಅಡ್ಡಗಾಲು ಹಾಕಿ ‘ಹೂಂ’ ಎಂದರೆ ಕಥೆ ಕಾಲು ಮುರಿದುಕೊಂಡು ಬೀಳುತ್ತದೆ. ಇದು ಕಥೆ ಹೇಳುವವನಿಗಷ್ಟೇ ಗೊತ್ತಿರುವ ವಿಷ. ಸುವರ್ಣಾ ಕೇಳಲಿ. ‘ಇದೇನ ಮಾಳಿಂಗ ಕಾಕಾ, ಅಡರಾಬಡರಾ ಹೇಳ್ಯಾನ’ ಎನ್ನಲಿ.

ಮಾಳಿಂಗರಾಯ ಕಂಬಳಿಯ ಕೊಪ್ಪೆ ಹಾಕಿಕೊಂಡ. ಸುರೇಖಾ ಗುಂಡಿ ಒತ್ತಿ ಫೋನನ್ನು ಕಂಬಳಿಯೊಳಗೆ ಇಟ್ಟು ಹಿಂದೆ ಸರಿದಳು. ರೇವಪ್ಪ ಕಂಬಳಿಗೆ ಮೊಣಕಾಲು ತಾಗುವಷ್ಟು ಹತ್ತಿರ ಜರುಗಿ ಕೂತ.

“ಸಿಂದಗಿ ಕಡೆ ಕುರಿ ಹೊಡಕೊಂಡ ಹೋಗಿದ್ದೆ” ಎಂದು ದನಿ ಶುರುವಾಯಿತು. “ಒಂದ ಕರೀ ಕುರಿ ಈದಿತ್ತು. ಮರಿ—”

“ಹೂಂ!” ಎಂದ ರೇವಪ್ಪ, ಗೂಟ ಬಡಿದ ಹಾಗೆ.

ಸುರೇಖಾ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. ಮಾಳಿಂಗರಾಯ ಮಾತ್ರ ಮುಗ್ಗರಿಸಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಯಾರೋ ಹೂಂ ಅಂದಿದ್ದರು. ಕಂಬಳಿಯೊಳಗಿನ ದನಿ ಒಂದು ಗಳಿಗೆ ಬೆರಗಾಗಿ ನಿಂತು, ಹೂಂ ಅಂದವನ ಕಡೆಗೇ ತಿರುಗಿತು.

“ಹೂಂ ಅಂದಿ? ಹಂಗಾರ ಕೇಳು. ಮರಿ ಸತ್ತ ಹುಟ್ಟಿತ್ತು. ಅದ ದಿನ ಇನ್ನೊಂದ ಕುರಿ ಮರಿ ಹಾಕಿ ತಾನ ಸತ್ತಿತು. ಒಂದಕ್ಕ ತಾಯಿ ಇಲ್ಲ, ಒಂದಕ್ಕ ಮರಿ ಇಲ್ಲ. ಕೂಡಸಿದರಾತು ಅಂತೀ ನೀ. ಆಗೂದಿಲ್ಲಪಾ. ಕುರಿಗಿ ತನ್ನ ಮರಿ ವಾಸನಿ ಬೇಕು. ಬ್ಯಾರೇದ್ದು ಬಂದ್ರ ತಲಿಲೇ ಹಾಯತೈತಿ. ಆ ತಬ್ಬಲಿ ಹ್ವಾದಂಗ ಹ್ವಾದಂಗ ಕರೀ ಕುರಿ ಗುಮ್ಮೂದು. ಮರಿ ಮತ್ತ ಎದ್ದ ಹೋಗೂದು.”

ರೇವಪ್ಪ ಎರಡನೆಯ ವಿಷದ ಹೂಂಗೆ ಬಾಯಿ ತೆರೆದಿದ್ದ. ಅದು ಹೊರಬಂದದ್ದು ಬೇರೆಯಾಗಿ, ಸಣ್ಣಗೆ, ‘ಆಮ್ಯಾಲ?’ ಎನ್ನುವ ಹಾಗೆ.

“ನಮ್ಮ ಹಿರ್‍ಯಾರು ಒಂದ ಕೆಲಸ ಮಾಡ್ತಿದ್ರು. ಅದನ್ನ ನಾನೂ ಮಾಡಿದ್ನಿ. ಸತ್ತ ಮರಿ ತೊಗಲ ಸುಲದು, ತಬ್ಬಲಿ ಮರಿಗಿ ಅಂಗಿ ತೊಡಿಸಿದಂಗ ತೊಡಿಸಿದ್ನಿ. ಕಾಲ ತೂರಿಸಿ, ಹೊಟ್ಟಿಗಿ ದಾರ ಕಟ್ಟಿ. ಮರಿ ಮ್ಯಾಲ ಮರಿ. ಒಯ್ದು ಕರೀ ಕುರಿ ಮುಂದ ಬಿಟ್ಟೆ.”

“ಹೂಂ.”

“ಕುರಿ ನೋಡಿತು. ಗುಮ್ಮಾಕ ತಲಿ ಬಗ್ಗಿಸಿತು.”

“...ಹೂಂ?”

“ಬಗ್ಗಿಸಿದ ತಲಿ ಹಂಗ ನಿಂತಿತು. ಮೂಗ ಹಿಗ್ಗಿಸಿತು. ವಾಸನಿ ತನ್ನ ಮರೀದು. ದನಿ ಇನ್ನೊಂದರದು. ಮೂಸತೈತಿ, ಹಿಂದ ಸರೀತೈತಿ. ಮತ್ತ ಮೂಸತೈತಿ. ಅದರ ಕಣ್ಣ ನೋಡಾಕ ಆಗಲಿಲ್ಲ ನನಗ. ಮೋಸ ಮಾಡಾಕತ್ತೇನಿ ಅಂತ ಗೊತ್ತೈತಲ್ಲ. ನಾ ಈ ಕಡೆ ಮಾರಿ ಮಾಡಿದ್ನಿ...”

ಮಾಳಿಂಗರಾಯ ಇಲ್ಲಿ ಉಸಿರು ಹಿಡಿದು ನಿಂತ. ವಿಷದ ಹೂಂಗೆ ಹೇಳಿ ಮಾಡಿಸಿದ ಜಾಗ. ರೇವಪ್ಪನ ಬಾಯಿ ಅರ್ಧ ತೆರೆದಿತ್ತು, ಆದರೆ ಅದು ಒಣಗಿತ್ತು. ಹಟ್ಟಿಯ ಕುರಿಗಳೂ ಮೆಲುಕು ಹಾಕುವುದು ಬಿಟ್ಟು ಕಾಯುತ್ತಿದ್ದವು. ದೂರದ ಕೂಡಗಿಯ ಕರೆಂಟಿನ ಕಾರ್ಖಾನೆಯ ಚಿಮಣಿಯ ಹೊಗೆ ಮೇಲೇರುವುದನ್ನು ನಿಲ್ಲಿಸಿತ್ತೆಂದು ನೋಡಿದವರು ಆಣೆ ಮಾಡುತ್ತಾರೆ. ಕಡೆಗೆ, ತಾನಾಗಿ, ಯಾರೂ ಕರೆಯದೆ, ಎದೆಯ ತಳದಿಂದ ಒಂದು ಹೂಂ ಎದ್ದು ಬಂತು. ರೇವಪ್ಪ ಅದನ್ನು ಅಂದನೆಂದು ಹೇಳಲಾಗದು. ಅದೇ ರೇವಪ್ಪನೊಳಗಿಂದ ಹಾದು ಹೋಯಿತು.

“ಹೂಂ.”

“ಬೆನ್ನ ಹಿಂದ ಚಪ್ ಚಪ್ ಅಂತ ಸಪ್ಪಳ ಕೇಳಿತಪಾ” ಎಂದ ಮಾಳಿಂಗರಾಯ. “ಮರಿ ಹಾಲ ಕುಡಿಯಾಕತ್ತಿತ್ತು.”

ಸುರೇಖಾ ಗುಂಡಿ ಒತ್ತಿ ನಿಲ್ಲಿಸಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು, ಆಮೇಲೆ ರೇವಪ್ಪನ ಮೇಲೆ ಸಿಟ್ಟು ಮಾಡಬೇಕೆಂಬುದು ನೆನಪಾಗಿ, ರಿಕಾರ್ಡನ್ನು ಮೊದಲಿಂದ ಹಚ್ಚಿದಳು. ಮೂವರೂ ಕೇಳಿದರು. ರೇವಪ್ಪ ತನ್ನ ದನಿಯನ್ನು ಕೇಳಿ ಬೆವೆತ. ಗೂಟ ಬಡಿದ ಮೊದಲ ಹೂಂ, ಆಮೇಲೆ ಕುರಿಮರಿಯ ಹಿಂದೆ ಹಿಂದೆ ನಡೆದ ಉಳಿದ ಹೂಂಗಳು.

“ಮೊದಲನೇದು ಕತ್ತರಸ್ತೇನಿ ಕಾಕಾ” ಎಂದಳು ಸುರೇಖಾ. “ಮುಂದಿನವು ಆಗೂದಿಲ್ಲ. ಮಾವಾರು ನಿಮ್ಮ ಹೂಂ ಹಿಡಕೊಂಡ ಹೇಳ್ಯಾರ. ನಿಮ್ಮ ದನಿ ತಗದ್ರ ಅವರ ದನಿನೂ ಹರೀತೈತಿ. ನಿಮಗ ಬ್ಯಾಡ ಅನಸಿದ್ರ ಹೇಳ್ರಿ, ಇಡೀ ಅಳಿಸಿ ನಾಳಿ ಹೊಸದಾಗಿ ಮಾಡೂಣು.”

ಈಗ ರೇವಪ್ಪನ ಕೈಯಲ್ಲಿತ್ತು ಎಲ್ಲ. ಅಳಿಸು ಎಂದರೆ ಈ ಕಥೆ ಸತ್ತಂತೆ. ನಾಳೆ ಮಾಳಿಂಗರಾಯ ಇದನ್ನೇ ಹೇಳಿದರೂ ಇವತ್ತಿನ ಹಾಗೆ ಬರದು, ಅದು ರೇವಪ್ಪನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇರಲಿ ಎಂದರೆ ಮಸೂತಿಯ ರೇವಪ್ಪ, ಕುಂಬಳಕಾಯಿಯ ರೇವಪ್ಪ, ಕುರಿ ಕಾಯುವವನಿಗೆ ಹೂಂ ಅಂದನೆಂದು ಇಂಡಿಯಿಂದ ಮುದ್ದೇಬಿಹಾಳದವರೆಗೆ ಡಂಗುರ. ಎರಡೂ ಕಡೆ ಉರಿ. ಆದರೆ ಸಿಂದಗಿಯ ರೊಟ್ಟಿ ಕೇಂದ್ರದಲ್ಲಿ ಅವನ ದನಿ ಕೇಳುವುದಾದರೆ ಇದೊಂದೇ ದಾರಿ.

“ಇರಲಿ ಬಿಡವಾ” ಎಂದ. “ಆದರ ನನ್ನ ಹೆಸರ ಹಾಕಬ್ಯಾಡ.”

ಮನೆಗೆ ಹೋಗುತ್ತ ದಾರಿಯಲ್ಲೇ, ಹಾಕು ಅನ್ನಬೇಕಿತ್ತು ಎನಿಸಿತು.

ಭಾನುವಾರದವರೆಗಿನ ದಿನಗಳು ಒಂದೊಂದೂ ಒಂದೊಂದು ವರ್ಷದಷ್ಟಾದವು. ರೇವಪ್ಪನ ಲೆಕ್ಕದಲ್ಲಿ ಆ ವಾರ ಅವನ ಹೊಲದಲ್ಲಿ ಜೋಳ ಎರಡು ಸಲ ತೆನೆ ಹಾಕಿತು. ಫೋನು ಬಂತು.

“ಯಪ್ಪಾ, ಮಾಳಿಂಗ ಕಾಕಾನ ಕರೀ ಕುರಿ ಕಥಿ ಬಂದೈತಲ್ಲ, ಅದರಾಗ—”

“ಅದೇನ ದೊಡ್ಡದವಾ!” ರೇವಪ್ಪನಿಗೆ ತಡೆಯಲಾಗಲಿಲ್ಲ. “ಅವತ್ತ ನಾನೂ ಹಟ್ಟಿಯೊಳಗ ಇದ್ದೆ. ಏನ ಬಿಸಲು ಅಂತೀ! ಕಂಬಳಿಮ್ಯಾಲ ನೀರ ಚಿಮಿಕಿಸಿದ್ರ ಚೊಂಯ್ ಅನ್ನತಿತ್ತು. ಕುರಿಗಳೆಲ್ಲಾ—”

“ಹೌದ ಯಪ್ಪಾ, ನಾ ಏನ ಹೇಳಾಕತ್ತಿದ್ನಿ ಅಂದ್ರ, ಅದರಾಗ ಒಬ್ಬರು—”

“ಕುರಿಗಳೆಲ್ಲಾ ನೆಳ್ಳ ಸಿಗದ ನನ್ನ ನೆಳ್ಳಿನ್ಯಾಗ ಬಂದ ನಿಂತ್ವು. ಇಡೀ ಹಿಂಡ! ನಾ ಅಲ್ಲಾಡೂ ಹಂಗಿಲ್ಲ, ಅಲ್ಲಾಡಿದ್ರ ಮೂರ ಕುರಿ ಸಾಯತಿದ್ವು—”

“ಇರಲಿ ಬಿಡು ಯಪ್ಪಾ” ಎಂದಳು ಸುವರ್ಣಾ. “ರೊಟ್ಟಿ ಒಯ್ಯೂ ಗಾಡಿ ಬಂತು. ಆಮ್ಯಾಲ ಮಾತಾಡೂಣು.”

ಮಗಳು ತನ್ನ ದನಿಯ ಗುರುತೇ ಹಿಡಿಯಲಿಲ್ಲ! ಅಪ್ಪ ಅಂದ ಅಷ್ಟು ಹೂಂಗಳಲ್ಲಿ ಒಂದನ್ನೂ! ಕರೀ ಕುರಿಯ ಹೆಸರು ಹೇಳಿದಳು, ಮಾಳಿಂಗನ ಹೆಸರು ಹೇಳಿದಳು. ರೇವಪ್ಪ ಚಹಾ ಬೇಡವೆಂದು, ಪಟಕ ಸೊಟ್ಟಗೆ ಸುತ್ತಿಕೊಂಡು ಕಟ್ಟೆಗೆ ಹೋದ. ಮಾಳಿಂಗರಾಯ ಕುರಿ ಹಟ್ಟಿಗೆ ಕೂಡಿ ಬಂದು, ಎಂದಿನ ಹಾಗೆ ಕೆಳಗೆ ಕಂಬಳಿ ಹಾಸಿಕೊಂಡು ಒಬ್ಬನೇ ಕೂತಿದ್ದ.

“ಸುವರ್ಣಾ ಫೋನ ಮಾಡಿದ್ಲು” ಎಂದ ರೇವಪ್ಪ, ಆಕಾಶ ನೋಡುತ್ತ. “ನಿನ್ನ ಕಥಿ ಭಾಳ ಉದ್ದ ಆತಂತಲೇ. ಕೇಂದ್ರದಾಗಿನ ಹೆಣ್ಣಮಕ್ಕಳೆಲ್ಲಾ ಆಕಳಿಸಿದ್ರಂತ. ಒಬ್ಬಾಕಿ ಆಕಳಿಸಿ ಆಕಳಿಸಿ ದವಡಿ ಸರದು ದವಾಖಾನಿಗೆ ಹೋದ್ಲಂತ.”

ಮಾಳಿಂಗರಾಯ ತಂಬಾಕು ತಿಕ್ಕುತ್ತಿದ್ದ ಹೆಬ್ಬೆರಳನ್ನು ನಿಲ್ಲಿಸಿದ. “ನನಗ ಹಂಗ ಹೇಳಲಿಲ್ಲಪಾ ಆಕಿ.”

“ನಿನಗ? ನಿನಗ್ಯಾವಾಗ ಮಾಡಿದ್ಲು?”

“ಈಗ. ಕುರಿ ಹೊಡಕೊಂಡ ಬರೂವಾಗ. ‘ಯಪ್ಪಗ ಹೇಳಾಕ ಹ್ವಾದ್ನಿ ಕಾಕಾ, ಅಂವ ಮಾತಾಡಾಕ ಬಿಡಲಿಲ್ಲ’ ಅಂದ್ಲು.”

“ಏನ ಹೇಳಾಕ?”

“‘ಆ ಹೂಂ ಅಂದಾಂವ ನಮ್ಮಪ್ಪ ಹೌದಿಲ್ಲೊ’ ಅಂತ ಕೇಳಿದ್ಲು. ಹೌದವಾ ಅಂದ್ನಿ. ಸುಮ್ಮನಾದ್ಲು. ರೇಂಜ್ ಹೋತೇನೊ ಅಂತ ನಾ ಫೋನ ಕೊಡವಿದ್ನಿ.” ಮಾಳಿಂಗರಾಯ ತಂಬಾಕನ್ನು ತುಟಿಯೊಳಗೆ ಇಟ್ಟುಕೊಂಡ. “ಆಮ್ಯಾಲ ಅಂದ್ಲು: ‘ಹೊಟ್ಟಿಕಿಚ್ಚ ಆತ ಕಾಕಾ ನನಗ. ಸಾಲಿಂದ ಬಂದ ಹೇಳ್ತಿದ್ನಿ, ಗಂಡನ ಮನಿಂದ ಬಂದ ಹೇಳ್ತಿದ್ನಿ, ಫೋನಿನ್ಯಾಗ ಹೇಳ್ತೇನಿ. ನಮ್ಮಪ್ಪ ನನಗ ಒಂದ ಹೂಂ ಅಂದಿಲ್ಲ. ನೀ ಅವನ ಬಾಯಿಂದ ಹೆಂಗ ತಗದಿ?’ ಅಂತ.”

ರೇವಪ್ಪ ಪಟಕ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಈ ಸೀಮೆಯ ಹೊಟ್ಟೆಕಿಚ್ಚಿಗೆಲ್ಲ ತಾನೊಬ್ಬನೇ ಯಜಮಾನ ಎಂದುಕೊಂಡಿದ್ದ. ಮಗಳು ಇಷ್ಟು ವರ್ಷ ತನ್ನ ಪಾಲಿನದನ್ನು ಹೊಟ್ಟೆಯಲ್ಲಿಟ್ಟುಕೊಂಡು ಭಾನುವಾರದಿಂದ ಭಾನುವಾರಕ್ಕೆ ಫೋನು ಮಾಡುತ್ತಿದ್ದಳು ಎಂಬುದು ಅವನ ಯಾವ ಸುಳ್ಳಿಗೂ ನಿಲುಕಿರಲಿಲ್ಲ.

“ನೀ ಏನಂದಿ?” ಎಂದು ಕೇಳಿದ.

“ನಾ ಏನಂತೇನಿ? ಹೂಂ ಅಂದ್ನಿ.”

ಅದು ಸಾಕಾಯಿತು. ತನ್ನ ಮಗಳು ಇಂಥ ಮಾತು ಹೇಳಿದಾಗಲೂ ಹೂಂ ಅಂದವನು ಈ ಮಾಳ್ಯಾನೇ! ರೇವಪ್ಪನ ಹೊಟ್ಟೆಯೊಳಗೆ ಹೊಸ ಬೆಂಕಿಯೊಂದು ಹೊತ್ತಿತು. ಜೇಬಿನಿಂದ ಫೋನು ತೆಗೆದು, ಬೆರಳನ್ನು ಅಂಗಿಗೆ ಒರೆಸಿ ಮಗಳ ಹೆಸರನ್ನು ಒತ್ತಿದ.

“ಯಪ್ಪಾ? ಏನಾತು?”

“ಏನಿಲ್ಲವಾ. ಹೇಳು.”

“ಏನ ಹೇಳಲಿ?”

“ಏನರ. ಗಾಡಿ ಬಂದಿತ್ತಲ್ಲ, ಅದನ್ನ ಹೇಳು.”

ಸುವರ್ಣಾ ಅನುಮಾನದಿಂದಲೇ ಶುರು ಮಾಡಿದಳು. ಗಾಡಿಯವನು ತಡವಾಗಿ ಬಂದದ್ದು, ರೊಟ್ಟಿಯ ಕಟ್ಟೊಂದು ಒಡೆದದ್ದು. ರೇವಪ್ಪನ ನಾಲಗೆಯ ತುದಿಗೆ, ತಾನು ಒಮ್ಮೆ ಕಂಡ ಗಾಡಿಯೊಂದು ಹದಿನಾರು ಗಾಲಿಗಳೊಂದಿಗೆ ಬಂದು ನಿಂತಿತು. ಅದನ್ನು ಹಲ್ಲು ಕಚ್ಚಿ ಅಲ್ಲೇ ತಡೆದ.

“ಹೂಂ” ಎಂದ.

ಆ ಕಡೆ ಮಾತು ಒಂದು ಕ್ಷಣ ನಿಂತಿತು. ಆಮೇಲೆ ಮುಂಚಿಗಿಂತ ಮೆಲ್ಲಗೆ, ಮುಂಚಿನದಲ್ಲದ ಇನ್ನೇನೋ ಹೇಳುತ್ತ ಶುರುವಾಯಿತು. ಕೆಳಗೆ ಮಾಳಿಂಗರಾಯ ಕತ್ತು ಉದ್ದ ಮಾಡಿ ಕಿವಿ ಇತ್ತ ಚಾಚುವುದು ಕಂಡಿತು. ರೇವಪ್ಪ ಫೋನಿಗೆ ಅಂಗೈ ಅಡ್ಡ ಹಿಡಿದು, ಕಟ್ಟೆಯಿಂದ ಇಳಿದು, ಒಂದು ಮಾತೂ ಅವನ ಪಾಲಿಗೆ ಬೀಳದ ಹಾಗೆ ಬೇವಿನ ಮರದ ಆ ಕಡೆಗೆ ಹೋಗಿ ನಿಂತ.